ವೀಲ್‌ಚೇರ್‌ನಲ್ಲಿ ಇರುವವರ ಹೃದಯಕ್ಕೆ ವ್ಯಾಯಾಮ: ಫಿಸಿಯೋಥೆರಪಿಸ್ಟರನ್ನು ಕೇಳಿ

ಪ್ರಶ್ನೆ (ಕುಮಟಾದಿಂದ): ಮೇಡಂ, ನಮ್ಮಣ್ಣ ತೆಂಗಿನಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಡಿ12 (ಬೆನ್ನುಹುರಿಯ ಎದೆಭಾಗದ 12ನೇ ಮಟ್ಟ; ಅಂಕಿ ಚಿಕ್ಕದಾದಷ್ಟು ಪೆಟ್ಟು ಮೇಲೆ) ಅಂತಿದೆ. ವಯಸ್ಸು 46, ಕೈ ಗಟ್ಟಿಯಿದೆ. ಮೊನ್ನೆ ರಕ್ತಪರೀಕ್ಷೆಯಲ್ಲಿ ಶುಗರ್ ಗಡಿಯಲ್ಲಿದೆ, ಒಳ್ಳೆ ಕೊಲೆಸ್ಟರಾಲ್ ಕಡಿಮೆ ಅಂತ ಬಂತು. ಕೊಟ್ಟ ಸಲಹೆ ಏನು ಗೊತ್ತಾ? "ದಿನಾ ವಾಕಿಂಗ್ ಮಾಡಿ." ಮನೆ, ಅಂಗಳ ಎಲ್ಲ ಕಡೆ ಅವನೇ ಚಕ್ರ ತಳ್ಳಿಕೊಂಡು ಓಡಾಡುತ್ತಾನೆ. ಅಷ್ಟು ಸಾಕಾಗೋದಿಲ್ಲವಾ?

ಉತ್ತರ: ಆ ಸಲಹೆ ಎಲ್ಲರಿಗೂ ಒಂದೇ ಸಮ ಬರೆದುಕೊಡುವಂಥದ್ದು, ಬಿಡಿ. ಆದರೆ ನಿಮ್ಮ ಪ್ರಶ್ನೆಗೆ ಉತ್ತರ: ಸಾಕಾಗೋದಿಲ್ಲ. ಅಡುಗೆಮನೆಯಿಂದ ಜಗಲಿಗೆ ನಾಲ್ಕು ತಳ್ಳು ತಳ್ಳಿದರೆ ಮುಗಿಯಿತು, ಉಸಿರು ಏರುವಷ್ಟರಲ್ಲಿ ಗಾಡಿ ನಿಂತಿರುತ್ತದೆ. ದೇಹದಲ್ಲಿ ಸಕ್ಕರೆ ಹೆಚ್ಚು ಬಳಸುವ ದೊಡ್ಡ ಸ್ನಾಯುಗಳು ತೊಡೆ, ಪೃಷ್ಠದಲ್ಲೇ ಇರುವುದು. ಅವು ಕೆಲಸ ಬಿಟ್ಟಾಗ ಹೊಟ್ಟೆ ಬರುತ್ತದೆ, ಎಚ್‌ಡಿಎಲ್ (ಅದೇ ಒಳ್ಳೆ ಕೊಲೆಸ್ಟರಾಲ್) ಇಳಿಯುತ್ತದೆ. ಅಷ್ಟೂ ಕೆಲಸವನ್ನು ಈಗ ಕೈಗಳೇ ಮಾಡಬೇಕು.

ಬೆನ್ನುಹುರಿಗೆ ಪೆಟ್ಟಾದ ವಯಸ್ಕರಿಗೆಂದೇ 2018ರಲ್ಲಿ ಅಂತರರಾಷ್ಟ್ರೀಯ ಮಾರ್ಗಸೂಚಿ ಬಂದಿದೆ. ಹೃದಯ, ಶುಗರ್ ದೃಷ್ಟಿಯಿಂದ ವಾರಕ್ಕೆ 3 ಸಲ, ಸಲಕ್ಕೆ ಕನಿಷ್ಠ 30 ನಿಮಿಷ ಉಸಿರು ಏರುವಂಥ ವ್ಯಾಯಾಮ ಬೇಕು ಅನ್ನುತ್ತದೆ ಅದು. ಜೊತೆಗೆ ವಾರಕ್ಕೆ 2 ಸಲ ಸ್ನಾಯು ಬಲಪಡಿಸುವ ವ್ಯಾಯಾಮ ಇರಲಿ. ಮೊದಲ ವಾರವೇ ಅರ್ಧ ಗಂಟೆಗೆ ಹೋಗಬೇಡಿ, 5 ನಿಮಿಷ ತಳ್ಳಿ, ಸುಧಾರಿಸಿಕೊಂಡು ಮತ್ತೆ 5 ನಿಮಿಷ. ಶುಗರ್ ಗಡಿಯಲ್ಲಿದೆ ಅಂದಿರಲ್ಲ, ಶುರುಮಾಡುವ ಮುಂಚೆ ಒಂದು ಇಸಿಜಿ ಆಗಲಿ.

ಸಮತಟ್ಟಾದ, ಗಾಡಿ ಕಡಿಮೆ ಇರುವ ಡಾಂಬರು ರಸ್ತೆ ನೋಡಿಕೊಳ್ಳಿ. ಸಮುದ್ರದಂಡೆಗೆ ಹೋಗಿ ಗಾಳಿ ಕುಡಿಯಲಿ, ಮರಳಲ್ಲಿ ತಳ್ಳುವುದು ಬೇಡ: ಚಕ್ರ ಹೂತು ಭುಜಕ್ಕೆ ಪೆಟ್ಟು, ಉಪ್ಪುನೀರಿಗೆ ಬೇರಿಂಗ್ ತುಕ್ಕು. ತಳ್ಳುವಾಗ ಕೈ ಹಿಂದಿನಿಂದ ಹಿಡಿದು ಉದ್ದಕ್ಕೆ ತಳ್ಳಬೇಕು, ಬಿಟ್ಟ ಕೈ ರಿಮ್ಮಿಗಿಂತ ಕೆಳಗೆ ಇಳಿದು ಹಿಂದೆ ಬರಬೇಕು. ಟಕ್ ಟಕ್ ಅಂತ ಚಿಕ್ಕ ಚಿಕ್ಕದಾಗಿ ತಳ್ಳಿದರೆ ಭುಜ ಬೇಗ ಸವೆಯುತ್ತದೆ. ಮುಗಿಸಿ ಬಂದ ಮೇಲೆ ಕನ್ನಡಿ ಹಿಡಿದು ಕೂರುವ ಜಾಗದ ಚರ್ಮ ಕೆಂಪಾಗಿದೆಯಾ ನೋಡಿ.

ಪ್ರಶ್ನೆ (ಕಾರವಾರದಿಂದ): ನಂದು ಡಿ4. ಎಷ್ಟು ಜೋರು ತಳ್ಳಿದರೂ ವಾಚಿನಲ್ಲಿ ನಾಡಿ 115 ದಾಟುವುದೇ ಇಲ್ಲ. ನಾನು ಸರಿಯಾಗಿ ಮಾಡುತ್ತಿಲ್ಲವಾ?

ಉತ್ತರ: ವಾಚ್ ಬಿಚ್ಚಿಡಿ ಸರ್. ಹೃದಯದ ವೇಗ ಹೆಚ್ಚಿಸುವ ನರಗಳು ಎದೆಭಾಗದ ಬೆನ್ನುಹುರಿಯ ಮೇಲ್ಭಾಗದಿಂದಲೇ ಹೊರಡುತ್ತವೆ. ಪೆಟ್ಟು ಅಲ್ಲಿ ಅಥವಾ ಅದಕ್ಕೂ ಮೇಲೆ ಇದ್ದರೆ ನಾಡಿ 110–130ರ ಆಸುಪಾಸಲ್ಲೇ ನಿಂತುಬಿಡಬಹುದು. ನಾಡಿ ಗರಿಷ್ಠ ಎಷ್ಟು ಏರಬಹುದು ಅನ್ನಲು 220ರಿಂದ ವಯಸ್ಸು ಕಳೆಯುವ ಲೆಕ್ಕ ನಿಮಗಲ್ಲ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದೇ ನಿಮ್ಮ ಅಳತೆ.

ನಿಮ್ಮ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಡಿ6 ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಮೂತ್ರಚೀಲ ತುಂಬಿದ್ದರೆ, ಕ್ಯಾತಿಟರ್ (ಮೂತ್ರದ ನಳಿಕೆ) ಮಡಚಿಕೊಂಡಿದ್ದರೆ, ಮಲ ಕಟ್ಟಿದ್ದರೆ, ಬೆಲ್ಟ್ ಬಿಗಿಯಾಗಿದ್ದರೂ ಸಾಕು, ಬಿಪಿ ಒಮ್ಮೆಲೇ ಏರಿಬಿಡಬಹುದು. ತಲೆ ಸಿಡಿಯುವಷ್ಟು ನೋವು, ಮುಖ ಕೆಂಪು, ಪೆಟ್ಟಿನ ಮೇಲ್ಭಾಗದಲ್ಲಿ ಮಾತ್ರ ಬೆವರು. ಹಾಗಾದರೆ ಮಲಗಿಸಬಾರದು. ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ನಳಿಕೆ ನೋಡಿ. ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆ. ಅಲ್ಲಿ ಇದನ್ನು ನೀವೇ ಹೇಳಬೇಕಾಗುತ್ತದೆ: ನಿಮ್ಮ ಮಾಮೂಲಿ ಬಿಪಿಯ ಮೇಲಿನ ಅಂಕಿ 95 ಇದ್ದರೆ, 130 ಬಂದಾಗ "ನಾರ್ಮಲ್ ಇದೆ" ಅಂದುಬಿಡುತ್ತಾರೆ. ನಿಮಗೆ ಅದು ನಾರ್ಮಲ್ ಅಲ್ಲ. ಮಾಮೂಲಿ ಬಿಪಿಯನ್ನು ಒಂದು ಚೀಟಿಯಲ್ಲಿ ಬರೆದು ಕುರ್ಚಿಯ ಚೀಲದಲ್ಲಿಟ್ಟುಕೊಳ್ಳಿ. ವ್ಯಾಯಾಮಕ್ಕೆ ಮುಂಚೆ ಮೂತ್ರಚೀಲ ಖಾಲಿ ಇರಲಿ.

ಪೆಟ್ಟಿನ ಕೆಳಗೆ ಬೆವರು ಸರಿಯಾಗಿ ಬರುವುದಿಲ್ಲ, ಮೇಲೆ ಕಾರವಾರದ ಸೆಕೆ ಬೇರೆ. ಏಪ್ರಿಲ್–ಮೇಯಲ್ಲಿ ಬಿಸಿಲೇರುವ ಮುಂಚೆ ಮುಗಿಸಿ, ಕುತ್ತಿಗೆಗೆ ಒದ್ದೆ ಟವೆಲ್ ಹಾಕಿಕೊಳ್ಳಿ. ಎದೆನೋವೂ ಎಲ್ಲರಂತೆ ಗೊತ್ತಾಗದಿರಬಹುದು. ಕಾರಣವಿಲ್ಲದೆ ಉಸಿರು ಕಟ್ಟಿದರೆ, ದವಡೆ ನೋವು ಬಂದರೆ ತಾತ್ಸಾರ ಬೇಡ.

ಪ್ರಶ್ನೆ (ಶಿರಸಿಯಿಂದ): ನಂಗೆ ಚಿಕ್ಕಂದಿನಲ್ಲೇ ಪೋಲಿಯೋ. ನಮ್ಮಲ್ಲಿ ಸಮತಟ್ಟು ರಸ್ತೆ ಎಲ್ಲಿದೆ ಮಾರಾಯ್ರೆ, ಏರು ಇಲ್ಲಾ ಇಳುಕಲು! ಮಳೆಗಾಲದಲ್ಲಂತೂ ಹೊಸ್ತಿಲು ದಾಟೋದಿಲ್ಲ. ಭುಜ ಬೇರೆ ನೋವು.

ಉತ್ತರ: ಏರು ತಳ್ಳಲೇಬೇಡಿ. ನಿಮ್ಮ ನಾಡಿ ಎಲ್ಲರಂತೆ ಏರುತ್ತದೆ, ಆ ಚಿಂತೆಯಿಲ್ಲ. ಆದರೆ ಪೋಲಿಯೋ ಆದ ಸ್ನಾಯುವನ್ನು ಸುಸ್ತು ಬೀಳುವ ತನಕ ದುಡಿಸಬಾರದು. ಮರುದಿನವೂ ಕೈ ಸೋತಿದ್ದರೆ ಹಿಂದಿನ ದಿನ ಹೆಚ್ಚಾಯಿತು ಅಂತಲೇ ಅರ್ಥ. ಜಗಲಿಯಲ್ಲೇ ಗಾಳಿಗೆ ಗುದ್ದುವುದು ಎರಡು ನಿಮಿಷ, ಒಂದು ನಿಮಿಷ ಬಿಡುವು. ಹೀಗೇ ಕೆಲವು ಸುತ್ತು. ಭುಜಕ್ಕೆ ತಳ್ಳಿದ್ದು ಸಾಕು, ಈಗ ಎಳೆಯುವುದು ಬೇಕು. ಕಿಟಕಿ ಸರಳಿಗೆ ಸೈಕಲ್ ಟ್ಯೂಬ್ ಸುತ್ತಿ, ಎದುರಿಗೆ ಬ್ರೇಕ್ ಹಾಕಿ ಕೂತು, ಮೊಣಕೈ ಪಕ್ಕೆಗೆ ತಾಗಿಕೊಂಡು ಹಿಂದೆ ಹೋಗುವಂತೆ ಎಳೆಯಿರಿ. ಬೆನ್ನಿನ ಎರಡು ರೆಕ್ಕೆಮೂಳೆ ಹತ್ತಿರ ಬರಬೇಕು. 10 ಸಲ, ಮೂರು ಸುತ್ತು. ನೋವು ಹೆಚ್ಚಾದರೆ ನಿಲ್ಲಿಸಿ, ಭುಜ ತೋರಿಸಿ.

ಕುಮಟಾದವರು: ಹಳೇ ಟ್ಯೂಬ್ ಆಗ್ತದಾ ಮೇಡಂ? ಮತ್ತೆ ಊಟ?

ಉತ್ತರ: ಆಗುತ್ತದೆ, ತೇಪೆ ಹಾಕಿದ್ದು ಬೇಡ. ಕಿತ್ತು ಬಂದರೆ ಮುಖಕ್ಕೇ ಬಡಿಯುತ್ತದೆ. ವಾಲ್ವ್ ಇರುವ ತುಂಡು ಕತ್ತರಿಸಿ ತೆಗೆಯಿರಿ. ಊಟದಲ್ಲಿ ಅನ್ನ ಮೊದಲಿಗಿಂತ ಕಡಿಮೆ ಇರಲಿ, ಮರ ಹತ್ತುವಾಗಿನ ಹಸಿವಿನ ಲೆಕ್ಕ ಈಗ ನಡೆಯುವುದಿಲ್ಲ. ಬಂಗಡೆ ಸಾರು ಧಾರಾಳ ತಿನ್ನಲಿ. ಗಂಜಿಗೆ ಒಣಮೀನು, ಉಪ್ಪಿನಕಾಯಿ ಎರಡೂ ಒಟ್ಟಿಗೆ ಬೇಡ.