ಆರು ಮಂದಿ ಹೀರೋಗಳು, ಚಿತ್ರ ಒಂದೂ ಇಲ್ಲ: ಕಾದಂಬರಿಯಾಗ ತಂಡಾನ ಹೆಂಗ ನಡೆಸೋದು?

ಹಟ್ಟಿ_ಕತ್ತಲು (ರಾಯಚೂರು)

ಸೂಪರ್‌ಹೀರೋ ತಂಡದ ಮ್ಯಾಲೆ ಕನ್ನಡದಾಗ ಕಾದಂಬರಿ ಬರಿಯಾಕ ಹತ್ತೀನಿ. ಕಾಮಿಕ್ಸ್ ಅಲ್ಲ, ಬರೇ ಗದ್ಯ. ಆರು ಮಂದಿ ಅದಾರ: ಹಟ್ಟಿ ಚಿನ್ನದ ಗಣಿ ಕತ್ತಲಾಗ ಕಣ್ಣು ಕಾಣೋ ಹುಡುಗಿ, ಶಕ್ತಿನಗರದ ಕರೆಂಟ್ ಮೈಯಾಗ ಹಿಡಿದಿಡೋ ಲೈನ್‌ಮನ್, ಗೊಂಬಿಗೆ ಜೀವ ತುಂಬೋ ಕಿನ್ನಾಳದ ಚಿತ್ರಗಾರ, ಎಡದಂಡೆ ಕಾಲುವಿ ನೀರಿನ ಕೂಡ ಮಾತಾಡೋ ಮುದುಕ ನೀರಗಂಟಿ, ಬಳ್ಳಾರಿಯಾಗ ಜೀನ್ಸ್ ಹೊಲಿಯೋ ಹೆಣ್ಮಗಳು (ಆಕಿ ದಾರ ಹರಿಯಂಗಿಲ್ಲ), ಸಂಡೂರಿನ ಅದಿರು ಲಾರಿ ಡ್ರೈವರ್, ಕಬ್ಬಿಣ ಇವನ ಮಾತು ಕೇಳ್ತದ.

ಮೂರನೇ ಅಧ್ಯಾಯದಾಗ ಆರೂ ಮಂದಿ ತುಂಗಭದ್ರಾ ಡ್ಯಾಂ ಮ್ಯಾಲೆ ಕಾದಾಡ್ತಾರ. ಓದಿದವರು ‘ಯಾರು ಯಾರಿಗೆ ಹೊಡೆದ್ರು ತಿಳೀಲಿಲ್ಲ’ ಅಂತಾರ. ಕಾಮಿಕ್ಸ್‌ನಾಗ ಡ್ರೆಸ್ಸಿನ ಬಣ್ಣ ಕಂಡ್ರ ಸಾಕು, ಆಳು ಯಾರಂತ ಗೊತ್ತಾಗ್ತದ. ಇಂಗ್ಲಿಷಿನಾಗ ಅವೆಂಜರ್ಸ್, ಎಕ್ಸ್‌-ಮೆನ್, ಜಸ್ಟಿಸ್ ಲೀಗ್ ಮ್ಯಾಲೆ ಗದ್ಯ ಕಾದಂಬರಿ ಭಾಳ ಬಂದಾವಲ್ಲ, ಅವರು ಇದನ್ನ ಹೆಂಗ ನಿಭಾಯಿಸ್ಯಾರ? ಮೊದಲು ಯಾವುದು ಓದಬೇಕು?

ಕೋಟೆಗುಡ್ಡ (ಬಳ್ಳಾರಿ)

ಹೊಡೆದಾಟ ಆಮೇಲೆ ನೋಡೋಣ. ಕಥೆ ಯಾರ ಕಣ್ಣಿಂದ ನಡೀತದೆ ಅನ್ನೋದು ಮೊದಲು ತೀರ್ಮಾನ ಆಗಲಿ, ತಂಡದ ಕಾದಂಬರಿ ಕೆಡೋದು ಹೆಚ್ಚಾಗಿ ಅಲ್ಲೇ. ಕಾಮಿಕ್ಸ್‌ನ ಒಂದು ಚೌಕದಲ್ಲಿ ಆರು ಜನರನ್ನು ಒಟ್ಟಿಗೆ ನಿಲ್ಲಿಸಿದರೂ ಯಾರನ್ನು ನೋಡಬೇಕೋ ಓದುಗನ ಕಣ್ಣೇ ಆರಿಸಿಕೊಳ್ಳುತ್ತದೆ. ವಾಕ್ಯ ಒಂದರ ಹಿಂದೆ ಒಂದೇ ಬರೋದರಿಂದ ಆ ಆಯ್ಕೆ ನಿಮ್ಮ ತಲೆ ಮೇಲೆ ಬೀಳ್ತದೆ.

‘ಕ್ರೈಸಿಸ್ ಆನ್ ಇನ್ಫಿನಿಟ್ ಅರ್ತ್ಸ್’ 1985-86ರಲ್ಲಿ 12 ಸಂಚಿಕೆಗಳಲ್ಲಿ ಬಂತು. ಡಿಸಿ ಅನ್ನೋ ಕಾಮಿಕ್ಸ್ ಕಂಪನಿಯ ಹೀರೋಗಳೆಲ್ಲ ಅದರಲ್ಲಿ ಜಾತ್ರೆ ಕೂಡಿದ್ದಾರೆ. ಕಾಮಿಕ್ಸ್ ಬರೆದ ಮಾರ್ವ್ ವುಲ್ಫ್‌ಮನ್ ಅವರೇ 2005ರಲ್ಲಿ ಅದನ್ನು ಕಾದಂಬರಿ ಮಾಡಿದರು. ಎಲ್ಲರ ತಲೆಯೊಳಗೂ ಇಣುಕುವ ಗೋಜಿಗೆ ಹೋಗದೆ, ಫ್ಲ್ಯಾಶ್ ಅಂದರೆ ಬ್ಯಾರಿ ಆಲನ್ ಬಾಯಲ್ಲಿ ‘ನಾನು’ ಅಂತ ಹೇಳಿಸಿದರು. ‘ಕಿಂಗ್‌ಡಮ್ ಕಮ್’ ಕಾದಂಬರಿಯಲ್ಲಿ (1998, ಎಲಿಯಟ್ ಮ್ಯಾಗಿನ್) ಯಾವ ಶಕ್ತಿಯೂ ಇಲ್ಲದ ವಯಸ್ಸಾದ ಪಾದ್ರಿ ನಾರ್ಮನ್ ಮೆಕೇ ಸಾಕ್ಷಿಯಾಗಿ ನಿಂತು ಹೇಳ್ತಾನೆ. ನಮ್ಮಲ್ಲಿ ಸಂಜಯ ಧೃತರಾಷ್ಟ್ರನಿಗೆ ಮಾಡಿದ್ದೂ ಇದೇ ಕೆಲಸ.

ಒಬ್ಬನೇ ಸಾಕ್ಷಿ ಬೇಡ ಅಂದ್ರೆ ಸ್ಟುವರ್ಟ್ ಮೂರ್ ಬರೆದ ‘ಸಿವಿಲ್ ವಾರ್’ (2012) ನೋಡ್ರಿ. ಮಾರ್ವೆಲ್ ಕಾಮಿಕ್ಸ್ ಕಂಪನಿಯ 7 ಸಂಚಿಕೆಗಳ ಕಥೆ, ಹೀರೋಗಳು ಡಜನ್‌ಗಟ್ಟಲೆ. ಆದರೆ ಮುಖ್ಯವಾಗಿ ನೋಡುವ ಕಣ್ಣು ನಾಲ್ಕು ಜನರದ್ದು: ಐರನ್ ಮ್ಯಾನ್, ಕ್ಯಾಪ್ಟನ್ ಅಮೆರಿಕ, ಸ್ಪೈಡರ್-ಮ್ಯಾನ್, ಸೂ ರಿಚರ್ಡ್ಸ್. ಜಗಳದ ಎರಡೂ ಬಣ ಈ ನಾಲ್ವರಲ್ಲೇ ಸಿಗ್ತವೆ.

ನಿಮಗೆ ಮೂರು ಕಣ್ಣು ಸಾಕು. ನೀರಗಂಟಿಗೆ ಕೊಡಬೇಡ್ರಿ. ನೀರು ಅವರಿಗೆ ಎಲ್ಲಾ ಹೇಳಿಬಿಟ್ಟರೆ ಓದುಗನಿಂದ ಮುಚ್ಚಿಡೋಕೆ ಏನೂ ಉಳಿಯಲ್ಲ. ಎಕ್ಸ್‌-ಮೆನ್ ಕಾದಂಬರಿಗಳಲ್ಲಿ ಮನಸ್ಸು ಓದುವ ಪಾತ್ರಗಳು ತಂದಿಡೋ ತಾಪತ್ರಯವೂ ಇದೇ. ದಾರದ ಹೆಣ್ಮಗಳು, ಲೈನ್‌ಮನ್ ಒಳ್ಳೆ ಆಯ್ಕೆ: ಉಂಡೆಯಲ್ಲಿ ದಾರ ಮುಗೀತದೆ, ಹಿಡಿದ ಕರೆಂಟ್ ಖರ್ಚಾಗ್ತದೆ. ಇನ್ನೆಷ್ಟು ಉಳಿದಿದೆ ಅನ್ನೋ ಲೆಕ್ಕವನ್ನು ಓದುಗನೂ ಹಾಕ್ತಾ ಹೋಗ್ತಾನೆ. ಮೂರನೆಯದು ನಿಮಗೆ ಬಿಟ್ಟದ್ದು. ಒಂದು ದೃಶ್ಯಕ್ಕೆ ಒಂದೇ ಕಣ್ಣು. ನಡುವೆ ಬದಲಾಯಿಸಿದರೆ ಎಷ್ಟೇ ಚೆಂದ ಬರೆದರೂ ಗೊಂದಲವೇ.

ಮುನಿರಾಬಾದ್_ದಂಡೆ (ಕೊಪ್ಪಳ)

ಮೇಲಿನವರು ಹೇಳಿದ್ದು ಸರಿ. ಹೊಡೆದಾಟಕ್ಕೆ ಬರ್ತೀನಿ.

ಆರೂ ಮಂದಿ ಒಂದೇ ಪುಟದಲ್ಲಿ ಕೈ ಬೀಸಬಾರದು. ಕಾಮಿಕ್ಸ್ ಬರಹಗಾರ ಗಾರ್ಡ್‌ನರ್ ಫಾಕ್ಸ್ ಇದಕ್ಕೆ ಕಾಮಿಕ್ಸ್‌ನಲ್ಲೇ ದಾರಿ ಮಾಡಿಕೊಂಡಿದ್ದ. 1940ರ ‘ಆಲ್ ಸ್ಟಾರ್ ಕಾಮಿಕ್ಸ್’ 3ನೇ ಸಂಚಿಕೆಯಲ್ಲಿ ಜಸ್ಟಿಸ್ ಸೊಸೈಟಿ ಅನ್ನೋ ಹೀರೋ ತಂಡ ಮೊದಲ ಸಲ ಸೇರಿದಾಗ ಒಬ್ಬೊಬ್ಬರೂ ತಂತಮ್ಮ ಕಥೆ ಹೇಳ್ತಾರೆ. ಮುಂದೆ ಜಸ್ಟಿಸ್ ಲೀಗ್ ಬರೆಯುವಾಗ ತಂಡವನ್ನು ಎರಡು-ಮೂರು ಜನರ ತುಕಡಿ ಮಾಡಿ ಬೇರೆ ಬೇರೆ ಕಡೆ ಕಳಿಸಿ, ಕೊನೆಗೆ ಒಂದುಗೂಡಿಸುತ್ತಿದ್ದ. ಚಿತ್ರ ಇದ್ದವರಿಗೇ ಇದು ಬೇಕಾಯ್ತು ಅಂದಮೇಲೆ ಚಿತ್ರ ಇಲ್ಲದ ನಮಗೆ ಇನ್ನೂ ಬೇಕು.

ನಿಮ್ಮ ಜಾಗ ಇದಕ್ಕೆ ಹೇಳಿ ಮಾಡಿಸಿದಂತಿದೆ. ಡ್ಯಾಂನಲ್ಲಿ 33 ಕ್ರೆಸ್ಟ್ ಗೇಟ್ (ನೀರು ಹೊರಬಿಡುವ ಮೇಲಿನ ಬಾಗಿಲು), ಎಲ್ಲಕ್ಕೂ ನಂಬರ್ ಇದೆ, ಎಲ್ಲಾ ಒಂದೇ ಸಾಲಿನಲ್ಲಿ. ಒಂದು ತುದಿ ಹೊಸಪೇಟೆ, ಇನ್ನೊಂದು ಮುನಿರಾಬಾದ್. ಯಾರು ಎಷ್ಟನೇ ಗೇಟಿನ ಹತ್ತಿರ, ಯಾವ ಕಡೆ ಮುಖ ಮಾಡಿ ನಿಂತಿದ್ದಾರೆ ಅಂತ ಒಂದು ಹಾಳೆಯಲ್ಲಿ ಗೆರೆ ಎಳೆದು ಗುರುತು ಹಾಕಿ, ಆಮೇಲೆ ಬರೆಯಿರಿ. ಮೂವರು ಗೇಟಿನ ಹತ್ತಿರ ಕಾದಾಡಲಿ. ಉಳಿದ ಮೂವರಿಗೆ ಬೇರೆ ಕಡೆ ಖಚಿತ ಕೆಲಸ ಕೊಡಿ: ಒಬ್ಬರು ಕೆಳಗಿನ ಊರಿನವರನ್ನು ಎಬ್ಬಿಸಲಿ, ಒಬ್ಬರು ಕಾಲುವೆ ತೂಬಿನ ಹತ್ತಿರ ಇರಲಿ. ‘ಉಳಿದವರೂ ಹೋರಾಡುತ್ತಿದ್ದರು’ ಅಂತ ಒಂದು ಸಾಲು ಬರೆದು ಕೈ ತೊಳೆದುಕೊಂಡರೆ ಓದುಗ ಅವರನ್ನು ಮರೆತೇಬಿಡ್ತಾನೆ. ಅಂದಹಾಗೆ 19ನೇ ಗೇಟು ಬಳಸಿಕೊಳ್ಳಿ. 2024ರ ಆಗಸ್ಟ್‌ನಲ್ಲಿ ಅದರ ಚೈನ್ ಕಡಿದದ್ದು ನಮ್ಮ ಕಡೆಯ ಓದುಗರಿಗೆಲ್ಲ ಗೊತ್ತು, ಅಪಾಯ ಎಂಥದ್ದು ಅಂತ ಬಿಡಿಸಿ ಹೇಳಬೇಕಿಲ್ಲ.

ಇನ್ನು ವಾಕ್ಯ. ಕನ್ನಡದಲ್ಲಿ ಕರ್ತೃ ಬಿಟ್ಟು ಬರೆಯೋದು ನಮಗೆ ಸಲೀಸು: ‘ಹಾರಿದ, ತಪ್ಪಿಸಿಕೊಂಡ, ಮತ್ತೆ ಹೊಡೆದ.’ ಇಬ್ಬರು ಗಂಡಸರಿರುವ ಹೊಡೆದಾಟದಲ್ಲಿ ಇದು ಕೈ ಕೊಡುತ್ತದೆ, ಕೊನೆಗೆ ಹೊಡೆದವನು ಲೈನ್‌ಮನ್ನೋ ಡ್ರೈವರನೋ ತಿಳಿಯಲ್ಲ. ‘ಓಡಿ, ಬಗ್ಗಿ, ಸರಪಳಿ ಹಿಡಿದು ಎಳೆದ’ ಅಂತ ಪೋಣಿಸಿದರೆ ಅಷ್ಟೂ ಕ್ರಿಯೆ ಒಬ್ಬನದೇ ಅಂತ ವ್ಯಾಕರಣವೇ ಕಾಯುತ್ತದೆ. ಆದ್ದರಿಂದ ಒಂದು ಪ್ಯಾರಾ, ಒಬ್ಬ ಆಳು. ಹೆಸರು ಮೊದಲ ವಾಕ್ಯದಲ್ಲೇ ಬರಲಿ. ನೀರಗಂಟಿಗೆ ಎಲ್ಲಾ ಕಡೆ ‘ಅವರು’ ಬಳಸಿ. ‘ಎಳೆದರು’ ಅಂದ ಕೂಡಲೇ ಯಾರು ಅಂತ ಗೊತ್ತಾಗುತ್ತೆ, ಪುಕ್ಕಟೆ ಗುರುತು. ಧಡ್, ಭುಸ್ ಶಬ್ದಗಳು ಕಾಮಿಕ್ಸ್‌ನಲ್ಲಿ ಚಿತ್ರದ ಭಾಗ, ಗದ್ಯದಲ್ಲಿ ಎರಡನೇ ಸಲಕ್ಕೇ ನಗು ಬರುತ್ತದೆ.

ಹಟ್ಟಿ_ಕತ್ತಲು (ರಾಯಚೂರು)

ಇಬ್ಬರಿಗೂ ಶರಣ್ರೀ. ಗೇಟಿನ ನಂಬರ್ ಐಡಿಯಾ ತಲ್ಯಾಗ ಕುಂತತಿ. ಇನ್ನೆರಡು ಕೇಳ್ತೀನಿ: 60-70ರ ದಶಕದ ಹಳೇ ಪುಸ್ತಕ ಹುಡುಕಿ ಕೊಳ್ಳೋದು ಬೇಕಾ? ಮತ್ತ ಒಂದು ಅಧ್ಯಾಯದಾಗ ಎಕ್ಸ್‌-ಮೆನ್ ತಂಡದ ವುಲ್ವರಿನ್ ಬಂದುಹೋದ್ರ ನಡೀತದಾ?

ಸಿಂಧನೂರು_ಓದು

ವುಲ್ವರಿನ್ ಬ್ಯಾಡ. ಪಾತ್ರ ಮಾರ್ವೆಲ್‌ದು. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಅನುವಾದ, ರೂಪಾಂತರದ ಹಕ್ಕೂ ಮಾಲೀಕರದ್ದೇ. ‘ಪುಕ್ಕಟೆ ಹಾಕ್ತೀನಿ, ಮಾರಲ್ಲ’ ಅಂದ ಮಾತ್ರಕ್ಕೆ ಅನುಮತಿ ಸಿಕ್ಕಂಗಲ್ಲ. ಪ್ರಕಾಶಕರು ಅದೊಂದೇ ಅಧ್ಯಾಯ ನೋಡಿ ಪೂರ್ತಿ ಕಟ್ಟು ವಾಪಸ್ ಕಳಿಸಬಹುದು.

ಹಳೇದು: ಒಟ್ಟೋ ಬೈಂಡರ್ ಬರೆದ ಅವೆಂಜರ್ಸ್ ಕಾದಂಬರಿ 1967ರದ್ದು, ಬ್ಯಾಂಟಮ್ ಪ್ರಕಾಶನ. 1979ರಲ್ಲಿ ಪಾಕೆಟ್ ಬುಕ್ಸ್‌ನಿಂದ ವುಲ್ಫ್‌ಮನ್ ಬರೆದ ಫೆಂಟಾಸ್ಟಿಕ್ ಫೋರ್, ಡೇವಿಡ್ ಮಿಶೆಲಿನಿ ಬರೆದ ಅವೆಂಜರ್ಸ್ ಬಂದವು. ಸಂಗ್ರಹಕ್ಕೆ ಚೆಂದ, ಕಲಿಯಾಕ ಅಷ್ಟು ರೊಕ್ಕ ಹಾಕೋದು ದಂಡ. ಅಗ್ಗದ ಕಾಗದ, ಅಂಟಿನ ಬೈಂಡಿಂಗು. ನಮ್ಮ ಕಡೆಯ ನಲವತ್ತು ಡಿಗ್ರಿ ಬ್ಯಾಸಗಿಗೆ ಒಣಗಿದ ಅಂಟು ಸೀಳಿ ಹಾಳಿ ಕೈಗೆ ಬರ್ತಾವ. ಕೊಂಡರೂ ಪೂರ್ತಿ ಅಗಲಿಸಿ ತೆರೀಬ್ಯಾಡ್ರಿ, ಸೆಲೊಟೇಪ್ ಹಚ್ಚಬ್ಯಾಡ್ರಿ.

ಓದಬೇಕಂದ್ರ ಪೀಟರ್ ಡೇವಿಡ್ ಬರೆದ ‘ಅಸ್ಟಾನಿಶಿಂಗ್ ಎಕ್ಸ್‌-ಮೆನ್: ಗಿಫ್ಟೆಡ್’ (2012) ಮೊದಲು. ಅದು 2004ರಲ್ಲಿ ಶುರುವಾದ ಕಾಮಿಕ್ಸ್‌ನ ಮೊದಲ ಆರು ಸಂಚಿಕೆಯ ರೂಪಾಂತರ. ಕಾಮಿಕ್ಸ್ ಪಕ್ಕಕ್ಕಿಟ್ಟು ಓದ್ರಿ: ಚಿತ್ರ ಹೇಳಿದ್ದನ್ನ ಎಲ್ಲಿ ಮಾತಾಗಿ ಮಾಡ್ಯಾರ, ಎಲ್ಲಿ ಪಾತ್ರದ ಯೋಚನೆಯಾಗಿ ಮಾಡ್ಯಾರ, ಎಲ್ಲಿ ಬಿಟ್ಟೇಬಿಟ್ಟಾರ ಅಂತ ಪೆನ್ಸಿಲ್ಲಿನಾಗ ಗುರುತು ಹಾಕ್ಕೊಳ್ರಿ. ಆಮೇಲೆ ಕ್ರಿಸ್ಟೋಫರ್ ಗೋಲ್ಡನ್ ಬರೆದ ‘ಮ್ಯೂಟಂಟ್ ಎಂಪೈರ್’, 1996-97ರ ಮೂರು ಭಾಗ. ಯಾವ ಕಾಮಿಕ್ಸಿಗೂ ಸಾಲ ಇಲ್ಲ, ಕಾದಂಬರಿ ಅಂತಲೇ ಕಟ್ಟಿದ ಕಥಿ, ನಿಮ್ಮ ಕೆಲಸಕ್ಕ ಹತ್ತಿರದ್ದು. ಟೈಟನ್ ಪ್ರಕಾಶನದವರು ಮೂರನ್ನೂ ಒಂದೇ ಸಂಪುಟ ಮಾಡ್ಯಾರ. ಗ್ರೆಗ್ ಕಾಕ್ಸ್ ಬರೆದ ‘52’ ಕತ್ತರಿ ಹಾಕೋದು ಕಲಿಯಾಕ: ವಾರಕ್ಕೊಂದರಂತೆ ಬಂದ ಡಿಸಿ ಕಾಮಿಕ್ಸ್‌ನ 52 ಸಂಚಿಕೆಯಾಗಿನ ಕೆಲವು ಎಳೆಗಳನ್ನ ಕೈಬಿಟ್ಟೇ ಒಂದು ಪುಸ್ತಕಕ್ಕ ಇಳಿಸ್ಯಾರ.

ಕೋಟೆಗುಡ್ಡ (ಬಳ್ಳಾರಿ)

ಒಂದು ಮಾತು ಉಳೀತು. ಆರು ಹೆಸರೂ ಬೇರೆ ಬೇರೆ ಅಕ್ಷರದಿಂದ ಶುರುವಾಗಲಿ. ಮಲ್ಲಮ್ಮ, ಮಲ್ಲೇಶಿ, ಮಹಾದೇವಿ ಮೂವರೂ ಒಂದೇ ಪುಟದಲ್ಲಿ ಬಂದರೆ ಕಣ್ಣು ಜಾರ್ತದೆ. ಹೀರೋ ಹೆಸರು ಬೇರೆ ಇಟ್ಟಿದ್ದರೆ ಅದನ್ನು ಮಾತಿನಲ್ಲಿ ಮಾತ್ರ ಬಳಸ್ರಿ. ನಿರೂಪಣೆಯಲ್ಲಿ ಮೊದಲಿಂದ ಕೊನೆತನಕ ಮನೆ ಹೆಸರೇ ಇರಲಿ, ಇಲ್ಲಾಂದ್ರೆ ಆರು ಜನ ಹನ್ನೆರಡು ಆಗ್ತಾರೆ.