ಅಪ್‌ಡೇಟ್: ಕಾಂಟೆಸ್ಸಾದ ಜಾರುವ ಸೀಟು
ಒರಗಿದರೆ ಸಾಕು, ನಮ್ಮ ಹಳೆ ಕಾಂಟೆಸ್ಸಾ ಕಾರಿನ ಡ್ರೈವರ್ ಸೀಟಿನ ಬೆನ್ನು ಕಟಕಟ ಅಂತ ಹಿಂದಕ್ಕೆ ಜಾರುತ್ತದೆ ಅಂತ ಕೇಳಿದ್ದೆನಲ್ಲ, ಈಗ ಸರಿಯಾಯಿತು. ರಿಕ್ಲೈನರಿನ (ಸೀಟಿನ ಬೆನ್ನನ್ನು ಬೇಕಾದಷ್ಟು ಒರಗಿಸಿ ನಿಲ್ಲಿಸುವ ಭಾಗ) ಹಲ್ಲು ಸವೆದಿದೆ, ಹೊಸದು ಹುಡುಕಿ ಅಂದವರೇ ಜಾಸ್ತಿ. ಕುಂಬಳೆಯ ಮೆಕ್ಯಾನಿಕ್ ಬಿಚ್ಚಿದಾಗ ಹಲ್ಲುಗಳು ಚೆನ್ನಾಗಿಯೇ ಇದ್ದವು. ಸಂದಿನಲ್ಲಿ ಹಳೆ ಗ್ರೀಸು, ಧೂಳು, ತುಕ್ಕು ಸೇರಿ ಕಪ್ಪು ಅಂಟಾಗಿ ಗಟ್ಟಿಯಾಗಿತ್ತು. ಲಿವರ್ ಬಿಟ್ಟರೂ ಬೆನ್ನನ್ನು ಹಿಡಿದಿಡುವ ಕೊಕ್ಕೆ ಹಲ್ಲಿನೊಳಗೆ ಪೂರ್ತಿ ಕೂರುತ್ತಿರಲಿಲ್ಲ. ಕಡಲ ಗಾಳಿಯ ಊರು ಮಾರಾಯ್ರೇ, ತುಕ್ಕಿಗೆ ಬರ ಇಲ್ಲ! ಸೀಮೆಎಣ್ಣೆಯಲ್ಲಿ ನೆನೆಸಿ, ತಂತಿ ಬ್ರಶ್ಶಿನಲ್ಲಿ ಉಜ್ಜಿ, ಕೊಕ್ಕೆಯ ಸಣ್ಣ ಸ್ಪ್ರಿಂಗ್ ಮಾತ್ರ ಬದಲಿಸಿದರು. ಗ್ರೀಸು ತೆಳುವಾಗಿ ಸಾಕು.

ಬಿಚ್ಚುವವರಿಗೆ ಒಂದು ಮಾತು: ಬೆನ್ನನ್ನು ಮುಂದಕ್ಕೆ ತಳ್ಳುವ ಸುರುಳಿ ಸ್ಪ್ರಿಂಗ್ ಬಿಗಿಯಾಗಿರುತ್ತದೆ, ಎಗರಿದರೆ ಬೆರಳಿಗೆ ಪೆಟ್ಟು. ಬೆನ್ನನ್ನು ಪೂರ್ತಿ ಮುಂದಕ್ಕೆ ಬಾಗಿಸಿಯೇ ಕೈ ಹಾಕಿ. ಬೆನ್ನು ಅಲುಗದಂತೆ ಸುಮ್ನೆ ವೆಲ್ಡ್ ಮಾಡಿಸಿ ಅಂದವರು ಅಂಥ ಸೀಟಿನಲ್ಲಿ ಒಮ್ಮೆ ಮಂಗಳೂರಿಗೆ ಹೋಗಿ ಬನ್ನಿ, ಆಮೇಲೆ ಮಾತಾಡೋಣ.