ಸಹಾಯ ಬೇಕು: ಮಗಳ ಮುಟ್ಟಿನ ಹೊಟ್ಟೆನೋವಿಗೆ ಮನೆಮದ್ದು

ಅಕ್ಕಂದಿರೇ, ನಾವು ಬದಿಯಡ್ಕದವರು. ಮಗಳು ಹತ್ತನೇ ಕ್ಲಾಸು. ಮುಟ್ಟಿನ ಮೊದಲ ದಿನ ಕಿಬ್ಬೊಟ್ಟೆ ಹಿಂಡಿದ ಹಾಗೆ ನೋವು, ಸೊಂಟಕ್ಕೂ ತೊಡೆಗೂ ಇಳಿಯುತ್ತದೆ, ಗಂಜಿ ಸಹ ಸೇರುವುದಿಲ್ಲ, ಕಾಲು ಮಡಚಿ ಮಲಗಿಬಿಡುತ್ತಾಳೆ. ಡಾಕ್ಟರಿಗೆ ತೋರಿಸಿದ್ದೇವೆ. ಬೇರೆ ತೊಂದರೆ ಇಲ್ಲ, ಮೈಯಲ್ಲೇ ತಯಾರಾಗುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಜಾಸ್ತಿಯಾಗಿ ಗರ್ಭಕೋಶ ಬಿಗಿಯುವುದರಿಂದ ಈ ನೋವು ಎಂದರು. ಬಿಸಿನೀರಿನ ಬ್ಯಾಗ್ ಇಟ್ಟರೆ ನಿಜಕ್ಕೂ ಹಗುರಾಗುತ್ತದೆ, ಆದರೆ ಶಾಲೆಯಲ್ಲಿ ಅದು ಆಗುವ ಮಾತಲ್ಲ ಅಲ್ವಾ. ಶುಂಠಿ ಕಷಾಯಕ್ಕೆ ಬೆಲ್ಲ ಹಾಕಿ ಕೊಡುತ್ತಿದ್ದೇನೆ. ಅದನ್ನು ಮುಟ್ಟಿಗೆ ಮೊದಲೇ ಶುರು ಮಾಡಬೇಕಾ? ಅತ್ತೆ ಮೆಂತೆ ಗಂಜಿ ಹೇಳುತ್ತಾರೆ, ಯಾರಾದರೂ ಕೊಟ್ಟು ನೋಡಿದ್ದೀರಾ, ಅಳತೆ ಹೇಗೆ? ಯೋಗಾಸನ ಗೊತ್ತಿದ್ದವರೂ ಹೇಳಿ. ಹೆಣ್ಣಾದ ಮೇಲೆ ಇದೆಲ್ಲ ಇದ್ದದ್ದೇ ಅಂತ ಮಾತ್ರ ಸುಮ್ನೆ ಬರೆಯಬೇಡಿ. ಮಾರ್ಚಿನಲ್ಲಿ ಅವಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ.